ಯಂತ್ರ ಕೆಟ್ಟರೂ ಲೆಕ್ಕ ಉಳಿಯಬೇಕು

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ತಿಂಗಳ ಸಭೆಯಲ್ಲಿ ನಾನು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಿಜವಾಗಿಯೂ ಹಿಂಜರಿದೆ. ಪುಸ್ತಕಗಳಿಗೆ ನಂಬರು ಹಚ್ಚುವುದು, ಭಾನುವಾರ ಬೆಳಿಗ್ಗೆ ಬಾಗಿಲು ತೆರೆದು ಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸುವುದು, ಇವು ನನಗೆ ಬರುವ ಕೆಲಸಗಳು. ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಹೊಟ್ಟೆಪಾಡಿಗೆ ಈ ಕೊಯಮತ್ತೂರಿನ ಹೊರವಲಯದ ನೂಲಿನ ಮಿಲ್ಲೊಂದರ ಟೈಂ ಆಫೀಸಿನಲ್ಲಿ ಗುಮಾಸ್ತಗಿರಿ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. "ನಮ್ಮ ಪುಸ್ತಕಪಟ್ಟಿಯನ್ನೂ ಹಳೆಯ ಸಂಚಿಕೆಗಳನ್ನೂ ಕಂಪ್ಯೂಟರಿಗೆ ಸೇರಿಸಿ ಆಯಿತು. ಅದು ಕೆಟ್ಟರೆ ಏನು ಗತಿ ಎಂದು ಸದಸ್ಯರು ಕೇಳುತ್ತಿದ್ದಾರೆ. ನಿಮ್ಮ ಮಿಲ್ಲಿನಲ್ಲಿ ಹಾಗೆ ಕೆಟ್ಟದ್ದನ್ನು ಕಂಡವರು ನೀವು. ಕಂಡದ್ದನ್ನು ಹೇಳಿ, ಸಾಕು" ಎಂದರು. ಆದುದರಿಂದ ಮೊದಲು ಕಂಡದ್ದನ್ನು ಹೇಳಿ, ಆಮೇಲೆ ಅದರಿಂದ ಕಲಿತದ್ದನ್ನು ತಮ್ಮ ಮುಂದೆ ಇಡುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಮ್ಮ ಮಿಲ್ಲಿನಲ್ಲಿ 2006ರಿಂದ ಕೆಲಸಗಾರರ ಹಾಜರಿಯೆಲ್ಲ ಒಂದು ಸರ್ವರಿನಲ್ಲಿತ್ತು. ಸರ್ವರ್ ಎಂದರೆ ಬೇರೇನೂ ಅಲ್ಲ, ಹಲವರ ಲೆಕ್ಕವನ್ನು ಒಂದೆಡೆ ಇಟ್ಟುಕೊಂಡು ಕೇಳಿದವರಿಗೆ ಒದಗಿಸುವ ಕಂಪ್ಯೂಟರ್. ಅದು ನಮ್ಮ ಕೊಠಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಹಗಲು ರಾತ್ರಿ ಗುಂಯ್‌ಗುಡುತ್ತಿತ್ತು. ಪ್ರತಿ ರಾತ್ರಿ ಅದರ ಲೆಕ್ಕದ ಕಡತಗಳು ಹೊರಗಿನ ಡಿಸ್ಕ್ ಒಂದಕ್ಕೆ ನಕಲಾಗುತ್ತಿದ್ದವು. ಬೆಳಿಗ್ಗೆ ಬಂದು ಡಿಸ್ಕಿನ ಹಸಿರು ದೀಪ ನೋಡಿ, ರಿಜಿಸ್ಟರಿನಲ್ಲಿ "ಬ್ಯಾಕಪ್ ಆಗಿದೆ" ಎಂದು ರುಜು ಹಾಕುವವನು ನಾನೇ. ಹಲವು ವರ್ಷ ಹಾಗೆ ರುಜು ಹಾಕಿದೆ.

2016ರ ಜೂನ್ ತಿಂಗಳಲ್ಲಿ ಒಂದು ರಾತ್ರಿ ಸರ್ವರಿನ ಮದರ್‌ಬೋರ್ಡ್ ಸುಟ್ಟಿತು. ನಾವು ಹೆದರಲಿಲ್ಲ. ನಕಲು ಇದೆಯಲ್ಲ! ಹೊಸ ಯಂತ್ರ ತರಿಸಿ, ಡಿಸ್ಕನ್ನು ಸಿಕ್ಕಿಸಿದೆವು. ಕಡತಗಳೆಲ್ಲ ಇದ್ದವು, ಆದರೆ ಅವನ್ನು ಓದುವವರೇ ಇರಲಿಲ್ಲ. ಹಾಜರಿಯ ಪ್ರೋಗ್ರಾಮನ್ನು ಬರೆದುಕೊಟ್ಟವರು ವ್ಯಾಪಾರ ಮುಚ್ಚಿ ಹೋಗಿದ್ದರು. ಅದು ನಡೆಯುತ್ತಿದ್ದದ್ದು ವಿಂಡೋಸ್ ಸರ್ವರ್ 2003ರ ಮೇಲೆ. ಅದಕ್ಕೆ ತಯಾರಕರ ಬೆಂಬಲ 2015ರ ಜುಲೈಯಲ್ಲೇ ನಿಂತುಹೋಗಿತ್ತು. ಯಾರೋ ಪುಣ್ಯಾತ್ಮರು ಒಮ್ಮೆ ಇಡೀ ಯಂತ್ರದ ಪಡಿಯಚ್ಚು ತೆಗೆದಿಟ್ಟಿದ್ದರು. ಅದನ್ನು ಹೊಸ ಯಂತ್ರಕ್ಕೆ ಹಾಕಿದರೆ ನೀಲಿ ಪರದೆ ಬಂದು ನಿಂತಿತು. ಹೊಸ ಯಂತ್ರದ ಡಿಸ್ಕ್ ಕಂಟ್ರೋಲರು ಬೇರೆ, ಹಳೆಯ ವಿಂಡೋಸಿಗೆ ಅದರ ಗುರುತೇ ಇಲ್ಲ ಎಂದು ತಂತ್ರಜ್ಞರು ಹೇಳಿದರು.

ಅದೇ ತಿಂಗಳು ನಮ್ಮ ರಿಂಗ್ ಫ್ರೇಮ್ ಖಾತೆಯ ಹಿರಿಯರೊಬ್ಬರು ನಿವೃತ್ತರಾದರು. ಕೊಳ್ಳೇಗಾಲದ ಕಡೆಯವರು, ಬಹಳ ವರ್ಷ ಬದಲಿ ಕೆಲಸಗಾರರಾಗಿದ್ದವರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯಿದೆಯಂತೆ, ಸೇವೆ ನಡುವೆ ತುಂಡಾದ ಕೆಲಸಗಾರನಿಗೆ ಒಂದು ವರ್ಷ ಲೆಕ್ಕಕ್ಕೆ ಸೇರಬೇಕಾದರೆ ಆ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದು ಕಾಣಬೇಕು. ಹಾಗೆ ಸೇರಿದ ವರ್ಷವೊಂದಕ್ಕೆ 15 ದಿನದ ಕೂಲಿ. ಬದಲಿಯವರಿಗೆ ಕೆಲವು ವರ್ಷ 240ರ ಅಂಚಿನಲ್ಲೇ ಇರುತ್ತದೆ. ಆ ದಿನಗಳೆಲ್ಲ ಸುಟ್ಟ ಯಂತ್ರದ ಲೆಕ್ಕದಲ್ಲಿದ್ದವು. ಹಳೆಯ ಪ್ರಿಂಟುಗಳು ಗೋದಾಮಿನ ತೇವಕ್ಕೆ ಸಿಕ್ಕಿ ಮುದ್ದೆಯಾಗಿದ್ದವು. ಆ ಹಿರಿಯರು ದಿನವೂ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಒಂದು ದಿನ ಕೇಳಿದರು: "ನಾ ಗೇದ ದಿನ ನನ್ಗ ಗ್ಯಾನ ಅದ ಕನಪ್ಪ, ನಿಮ್ ಮಿಸನ್ಗ ಇಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟು ವರ್ಷ ರುಜು ಹಾಕಿದ ಕೈ ನನ್ನದು.

ಕೊನೆಗೆ ತಂತ್ರಜ್ಞರೊಬ್ಬರು ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ, ಅದೇ ಮಾದರಿಯ ಬೋರ್ಡ್ ಒಂದನ್ನು ಹುಡುಕಿ ತಂದರು. ಹಳೆಯ ಡಿಸ್ಕುಗಳು ಅದರಲ್ಲಿ ಜೀವ ತಳೆದವು. 23 ದಿನಗಳಾಗಿದ್ದವು. ಹಿರಿಯರ ಹಣ ಪೂರ್ತಿ ಬಂತು. ಹಳೆಯ ಸಾಮಾನಿನ ರಾಶಿಯಲ್ಲಿ ಆ ಬೋರ್ಡ್ ಸಿಕ್ಕದೆ ಹೋಗಿದ್ದರೆ? ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬಂಧುಗಳೇ, ನಿಜ ಯಂತ್ರದ ಬ್ಯಾಕಪ್ಪಿನ ಕಷ್ಟ ಇಲ್ಲಿದೆ. ಅದನ್ನು ನಮ್ಮ ವಾಚನಾಲಯದ ಭಾಷೆಯಲ್ಲಿ ಹೇಳುವುದಾದರೆ, ನಿಜವಾದ ಸರ್ವರ್ ಒಂದು ಗೋಡೆಬೀರು ಇದ್ದಂತೆ. ಒಳಗಿನ ಪುಸ್ತಕಗಳನ್ನು ತೆಗೆದು ಬೇರೆಡೆ ಇಡಬಹುದು. ಆದರೆ ಯಾವ ಪುಸ್ತಕ ಯಾವ ಅಂಕಣದಲ್ಲಿತ್ತು, ಬೀಗ ಯಾವುದು, ಹಲಗೆಯ ಅಳತೆ ಏನು, ಇವೆಲ್ಲ ಗೋಡೆಯ ಜೊತೆಯೇ ಉಳಿಯುತ್ತವೆ. ಇನ್ನೊಂದು ಮನೆಗೆ ಹೋದರೆ ಅಲ್ಲಿನ ಗೋಡೆಯ ಅಳತೆ ಬೇರೆ. ಆದುದರಿಂದ ಅಂಥ ಯಂತ್ರಕ್ಕೆ ಎರಡು ಬಗೆಯ ನಕಲು ಬೇಕು. ದಿನದಿನದ ಲೆಕ್ಕದ ಕಡತಗಳದು ಒಂದು. ಆಪರೇಟಿಂಗ್ ಸಿಸ್ಟಂ, ಪ್ರೋಗ್ರಾಮು, ಅದರ ಏರ್ಪಾಟು, ಲೈಸೆನ್ಸ್ ಎಲ್ಲ ಸೇರಿದ ಇಡೀ ಡಿಸ್ಕಿನ ಪಡಿಯಚ್ಚು ಇನ್ನೊಂದು. ಎರಡನೆಯದನ್ನು ಬೇರೆ ಮಾದರಿಯ ಯಂತ್ರಕ್ಕೆ ಹಾಕುವಾಗ ಆ ಯಂತ್ರದ ಡ್ರೈವರುಗಳನ್ನೂ ಕೂಡಿಸಿಕೊಡುವ ಸಲಕರಣೆ ಬೇಕು. ಹತ್ತು ಸರ್ವರುಗಳಿದ್ದರೆ ಹತ್ತರಲ್ಲೂ ಈ ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಮನ್ನು ಕೂರಿಸಬೇಕು. ಅದಕ್ಕೆ ಏಜೆಂಟ್ ಎನ್ನುತ್ತಾರೆ.

ಇನ್ನು ವರ್ಚುವಲ್ ಯಂತ್ರದ ಮಾತು. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹೈಪರ್‌ವೈಸರ್ ಎಂಬ ಮೇಸ್ತ್ರಿ ಪ್ರೋಗ್ರಾಮು ಕುಳಿತು, ಅದರ ಬಲವನ್ನು ಪಾಲುಮಾಡಿ ಹಲವು ಕಂಪ್ಯೂಟರುಗಳನ್ನು ಒಳಗೊಳಗೆ ನಡೆಸುತ್ತದೆ. ಪ್ರತಿಯೊಂದೂ ತಾನೇ ಸ್ವತಂತ್ರ ಯಂತ್ರವೆಂದು ತಿಳಿದು ಕೆಲಸ ಮಾಡುತ್ತಿರುತ್ತದೆ. ಈ ಉಪಾಯ ಹೊಸದೇನೂ ಅಲ್ಲ. 1960ರ ದಶಕದಲ್ಲೇ ಐಬಿಎಂ ಸಂಸ್ಥೆಯವರು ಅಮೆರಿಕದ ಕೇಂಬ್ರಿಡ್ಜ್ ಪಟ್ಟಣದ ತಮ್ಮ ಕೇಂದ್ರದಲ್ಲಿ ಇದನ್ನು ಮಾಡಿ ನೋಡಿದರು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಗಿರಾಕಿಗಳಿಗೂ ಒದಗಿಸಿದರು. ಸಾಧಾರಣ ಕಂಪ್ಯೂಟರುಗಳಿಗೆ 1999ರಲ್ಲಿ, ಸರ್ವರುಗಳಿಗೆ 2001ರಲ್ಲಿ ವಿಎಂವೇರ್ ಸಂಸ್ಥೆಯ ಪ್ರೋಗ್ರಾಮುಗಳು ಬಂದ ಮೇಲೆ ಇದು ಎಲ್ಲೆಡೆ ಹರಡಿತು. 2007ರಲ್ಲಿ ಲಿನಕ್ಸಿನ ಒಳಗೇ ಕೆವಿಎಂ ಸೇರಿತು. 2008ರಲ್ಲಿ ಮೈಕ್ರೋಸಾಫ್ಟಿನ ಹೈಪರ್-ವಿ ಬಂತು.

ಬ್ಯಾಕಪ್ಪಿನ ದೃಷ್ಟಿಯಿಂದ ಇದರ ಮುಖ್ಯ ಗುಣ ಒಂದೇ. ಇಂಥ ಯಂತ್ರದ ಡಿಸ್ಕ್ ಕೂಡ ಒಂದು ಕಡತ, ಅದರ ಏರ್ಪಾಟು ಕೂಡ ಒಂದು ಸಣ್ಣ ಕಡತ. ಗೋಡೆಬೀರು ಹೋಗಿ ಟ್ರಂಕು ಬಂದಂತಾಯಿತು. ಪುಸ್ತಕ, ಅಂಕಣ, ಬೀಗ ಎಲ್ಲ ಸೇರಿ ಟ್ರಂಕನ್ನೇ ಹೊತ್ತುಕೊಂಡು ಹೋಗಬಹುದು. ಕೆಳಗಿನ ನಿಜ ಯಂತ್ರ ಯಾವ ಕಂಪನಿಯದಾದರೂ, ಮೇಲೆ ಅದೇ ಹೈಪರ್‌ವೈಸರ್ ಇದ್ದರೆ ಒಳಗಿನ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಒಂದೊಂದಕ್ಕೂ ಏಜೆಂಟ್ ಹಾಕುವ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ. ಮೇಸ್ತ್ರಿಯನ್ನೇ ಕೇಳಿ ಎಲ್ಲದರ ನಕಲನ್ನೂ ತೆಗೆಯಬಹುದು. ಅಷ್ಟೇ ಅಲ್ಲದೆ, ನಿನ್ನೆಯಿಂದ ಇವತ್ತಿಗೆ ಡಿಸ್ಕಿನ ಯಾವ ಭಾಗ ಬದಲಾಯಿತೆಂದು ಮೇಸ್ತ್ರಿಯೇ ಗುರುತಿಟ್ಟುಕೊಳ್ಳುವ ಅನುಕೂಲ 2009ರಿಂದ ವಿಎಂವೇರಿನಲ್ಲಿದೆ. ಸಾವಿರ ಪುಟದ ಲೆಡ್ಜರಿನಲ್ಲಿ ಇವತ್ತು ಬರೆದದ್ದು ಹನ್ನೆರಡೇ ಪುಟವಾದರೆ ಆ ಹನ್ನೆರಡನ್ನು ಮಾತ್ರ ನಕಲು ಮಾಡಿದರಾಯಿತು.

ನಮ್ಮ ಮಿಲ್ಲಿನವರು 2017ರಲ್ಲಿ ಹೊಸ ದೊಡ್ಡ ಯಂತ್ರ ತಂದು, ಆ ಹಳೆಯ ಹಾಜರಿ ಸರ್ವರನ್ನು ಇದ್ದ ಹಾಗೆಯೇ ವರ್ಚುವಲ್ ಯಂತ್ರವಾಗಿ ಪರಿವರ್ತಿಸಿದರು. ಕೂಲಿಯ ಲೆಕ್ಕ, ಹತ್ತಿಯ ದಾಸ್ತಾನು, ಇವುಗಳ ಸರ್ವರುಗಳೂ ಅದರೊಳಗೇ ಬಂದವು. ಎಲ್ಲರಿಗೂ ನೆಮ್ಮದಿಯಾಯಿತು. ಆ ನೆಮ್ಮದಿಯೇ ನಮ್ಮನ್ನು ಎರಡನೆಯ ಸಲ ಎಡವಿಸಿತು.

ಹೈಪರ್‌ವೈಸರಿನಲ್ಲಿ ಸ್ನ್ಯಾಪ್‌ಶಾಟ್ ಎಂಬ ಸೌಕರ್ಯವಿದೆ. ಅದನ್ನು ತೆಗೆದ ಗಳಿಗೆಯಿಂದ ಹಳೆಯ ಡಿಸ್ಕಿನ ಕಡತವನ್ನು ಯಾರೂ ಮುಟ್ಟುವುದಿಲ್ಲ, ಹೊಸ ಬದಲಾವಣೆಗಳೆಲ್ಲ ಪಕ್ಕದ ಇನ್ನೊಂದು ಕಡತಕ್ಕೆ ಹೋಗುತ್ತವೆ. ಬೇಡವೆನಿಸಿದರೆ ಆ ಗಳಿಗೆಗೆ ಹಿಂದಿರುಗಬಹುದು. ಪ್ರೋಗ್ರಾಮನ್ನು ಬದಲಾಯಿಸುವ ಮುನ್ನ ಒಂದೆರಡು ಗಂಟೆಯ ಮಟ್ಟಿಗೆ ಇದು ಒಳ್ಳೆಯ ಆಸರೆ. 2019ರಲ್ಲಿ ನಮ್ಮಲ್ಲಿ ಹಾಗೆ ತೆಗೆದ ಸ್ನ್ಯಾಪ್‌ಶಾಟ್ ಹನ್ನೊಂದು ವಾರ ಹಾಗೆಯೇ ಉಳಿಯಿತು. ಅದು ಇದೆಯಲ್ಲ, ಅದೇ ಬ್ಯಾಕಪ್ ಎಂಬ ಭಾವನೆ ಕೆಲವರಿಗೆ. ಪಕ್ಕದ ಕಡತ ಬೆಳೆದು ಬೆಳೆದು ಡಿಸ್ಕ್ ತುಂಬಿತು. ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಒಳಗಿನ ಯಂತ್ರಗಳು ನಿಂತವು. ಅವಸರದಲ್ಲಿ ಒಬ್ಬ ಹುಡುಗ, ಸ್ನ್ಯಾಪ್‌ಶಾಟನ್ನು ಅಳಿಸುವ ಬದಲು ಅದಕ್ಕೆ ಹಿಂದಿರುಗುವ ಗುಂಡಿಯನ್ನು ಒತ್ತಿದ. ಅಳಿಸಿದ್ದರೆ ಹೊಸ ಬದಲಾವಣೆಗಳು ಹಳೆಯದರೊಡನೆ ಕೂಡಿಕೊಳ್ಳುತ್ತಿದ್ದವು. ಹಿಂದಿರುಗಿದ್ದರಿಂದ ಹನ್ನೊಂದು ವಾರದ ಹಾಜರಿ ಒಂದೇ ಕ್ಷಣದಲ್ಲಿ ಇಲ್ಲವಾಯಿತು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅಂದು ನಮ್ಮನ್ನು ಉಳಿಸಿದ್ದು 2016ರ ಪಾಠ. ಪ್ರತಿ ರಾತ್ರಿ ಹಾಜರಿ ಯಂತ್ರದ ಪೂರ್ತಿ ನಕಲು ಗೋದಾಮಿನ ಆಫೀಸಿನಲ್ಲಿದ್ದ ಬೇರೊಂದು ಪೆಟ್ಟಿಗೆಗೆ ಹೋಗಬೇಕೆಂದು ನಾವು ಟೈಂ ಆಫೀಸಿನವರು ಹಟ ಹಿಡಿದು ಮಾಡಿಸಿಕೊಂಡಿದ್ದೆವು. ತಿಂಗಳಿಗೊಮ್ಮೆ ಆ ನಕಲನ್ನು ನಡೆಸಿ, ಒಬ್ಬ ಕೆಲಸಗಾರನ ಹೆಸರು ಹಾಕಿ, ಅವನ ದಿನಗಳು ಸರಿಯಾಗಿ ಬರುತ್ತವೆಯೇ ಎಂದು ನೋಡುತ್ತಿದ್ದೆವು. ಎರಡು ಗಂಟೆಯೊಳಗೆ ಹಿಂದಿನ ರಾತ್ರಿಯವರೆಗಿನ ಲೆಕ್ಕ ಮರಳಿತು. ಉಳಿದ ಪಾಳಿಗಳನ್ನು ಕಾಗದದ ಚೀಟಿ ನೋಡಿ ನಾನೇ ಟೈಪು ಮಾಡಿದೆ. ಮೊದಲ ಸಲ 23 ದಿನ, ಎರಡನೆಯ ಸಲ ಎರಡು ಗಂಟೆ. ಟ್ರಂಕಿನ ಗುಣವೂ ಅದರ ಅಪಾಯವೂ ಒಂದೇ ರಾತ್ರಿ ನಮಗೆ ಕಂಡವು.

ಈ ಎರಡು ಅನುಭವಗಳ ಜೊತೆಗೆ ವರ್ಚುವಲ್ ಯಂತ್ರದ ಬ್ಯಾಕಪ್ಪಿನಲ್ಲಿ ಗಮನಿಸಬೇಕಾದ ಇನ್ನು ಕೆಲವು ಸಂಗತಿಗಳನ್ನು ಅರಿಕೆ ಮಾಡುತ್ತೇನೆ.

ಮೊದಲನೆಯದು, ನಕಲು ತೆಗೆಯುವ ಗಳಿಗೆ. ಗುಮಾಸ್ತನು ಖರ್ಚಿನ ಕಾಲಂ ಬರೆದು ಜಮೆಯ ಕಾಲಂ ಬರೆಯುವ ಮೊದಲೇ ಪುಟದ ಫೋಟೋ ತೆಗೆದರೆ ಲೆಕ್ಕ ತಾಳೆಯಾಗುತ್ತದೆಯೇ? ಹೊರಗಿನಿಂದ ತೆಗೆದ ನಕಲು, ಕರೆಂಟು ಹಠಾತ್ತಾಗಿ ಹೋದಾಗ ಡಿಸ್ಕ್ ಇರುವ ಸ್ಥಿತಿಯಂತಿರುತ್ತದೆ. ಬಹಳ ಸಲ ಅದು ಸರಿಯಾಗಿಯೇ ಏಳುತ್ತದೆ, ಪ್ರತಿಸಲವೂ ಏಳುತ್ತದೆಂದು ನಂಬುವಂತಿಲ್ಲ. ಆದುದರಿಂದ ಲೆಕ್ಕದ ಡೇಟಾಬೇಸ್ ಇರುವ ಯಂತ್ರಕ್ಕೆ "ಒಂದು ಕ್ಷಣ ನಿಲ್ಲು, ಕೈಯಲ್ಲಿರುವುದನ್ನು ಬರೆದು ಮುಗಿಸು" ಎಂದು ಮೊದಲು ಹೇಳಬೇಕು. ವಿಂಡೋಸಿನಲ್ಲಿ ವಿ.ಎಸ್.ಎಸ್. ಎಂಬ ಸೇವೆ ಇರುವುದು ಇದಕ್ಕಾಗಿಯೇ. ನಿಜ ಯಂತ್ರದಲ್ಲಿ ಏಜೆಂಟ್ ಒಳಗೇ ಕುಳಿತು ಇದನ್ನು ಮಾಡಿಸುತ್ತದೆ. ವರ್ಚುವಲ್ ಯಂತ್ರದಲ್ಲಿ ಹೊರಗಿನ ಮೇಸ್ತ್ರಿಯ ಮಾತನ್ನು ಒಳಗೆ ಮುಟ್ಟಿಸುವ ಏರ್ಪಾಟು ಸರಿಯಾಗಿದೆಯೇ ಎಂದು ನೋಡಿಕೊಳ್ಳಬೇಕು.

ಎರಡನೆಯದು, ಒಟ್ಟಿಗೆ ಬೀಳುವ ಹೊರೆ. ಹತ್ತು ನಿಜ ಯಂತ್ರಗಳು ಒಂದೇ ಹೊತ್ತಿಗೆ ನಕಲು ತೆಗೆದರೆ ಪ್ರತಿಯೊಂದಕ್ಕೂ ಅದರದೇ ಬಲವಿದೆ. ಹತ್ತು ವರ್ಚುವಲ್ ಯಂತ್ರಗಳಿಗೆ ಇರುವುದು ಒಂದೇ ಯಂತ್ರದ ಬಲ. ಎಲ್ಲಕ್ಕೂ ರಾತ್ರಿ ಹನ್ನೆರಡಕ್ಕೇ ಆಜ್ಞೆ ಕೊಟ್ಟರೆ ಎಲ್ಲವೂ ತೆವಳುತ್ತವೆ. ಸರದಿಯಂತೆ ಬಿಡಬೇಕು.

ಮೂರನೆಯದು, ಟ್ರಂಕಿಗೆ ಸೇರದ ಸಾಮಾನು. ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸುವ ಲೈಸೆನ್ಸಿನ ಡಾಂಗಲ್, ನೇರವಾಗಿ ಒಳಗಿನ ಯಂತ್ರಕ್ಕೆ ಜೋಡಿಸಿದ ನಿಜ ಡಿಸ್ಕ್, ಇವು ಸ್ನ್ಯಾಪ್‌ಶಾಟಿಗಾಗಲಿ ಅದರ ಮೂಲಕ ತೆಗೆಯುವ ನಕಲಿಗಾಗಲಿ ಬರುವುದಿಲ್ಲ. ಅವನ್ನು ಬೇರೆ ಪಟ್ಟಿಮಾಡಿ ನೋಡಿಕೊಳ್ಳಬೇಕು. ಇಂಥ ವಸ್ತುಗಳು ಹೆಚ್ಚಾಗಿರುವ ಕೆಲಸಕ್ಕೆ ಇಂದಿಗೂ ನಿಜ ಯಂತ್ರವೇ ಅನುಕೂಲವಾಗುವುದುಂಟು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ವರ್ಚುವಲ್ ಯಂತ್ರ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದರ ಅಡಿಯಲ್ಲಿ ಒಂದು ನಿಜ ಯಂತ್ರ ಇದ್ದೇ ಇದೆ. ಟ್ರಂಕುಗಳನ್ನೆಲ್ಲ ಒಂದೇ ಕೋಣೆಯಲ್ಲಿ ಪೇರಿಸಿದರೆ ಕಳ್ಳನಿಗೂ ಬೆಂಕಿಗೂ ಕೆಲಸ ಸುಲಭ. 2023ರ ಫೆಬ್ರವರಿಯಲ್ಲಿ ದುಷ್ಕರ್ಮಿಗಳು ಹಲವು ದೇಶಗಳಲ್ಲಿ ಸಾವಿರಾರು ವಿಎಂವೇರ್ ಸರ್ವರುಗಳೊಳಗೆ ನುಗ್ಗಿ, ವರ್ಚುವಲ್ ಯಂತ್ರಗಳ ಕಡತಗಳನ್ನೇ ಬೀಗಹಾಕಿ ಹಣ ಕೇಳಿದರು. ಅವರು ಬಳಸಿಕೊಂಡ ಲೋಪಕ್ಕೆ 2021ರಲ್ಲೇ ಪರಿಹಾರ ಹೊರಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದಕ್ಕೂ ಮೊದಲು, 2021ರ ಮಾರ್ಚ್ 10ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಸರ್ವರುಗಳ ಕಟ್ಟಡವೊಂದು ಸುಟ್ಟು ಬೂದಿಯಾಯಿತು. ನಕಲನ್ನೂ ಅಲ್ಲೇ ಇಟ್ಟುಕೊಂಡಿದ್ದ ಕೆಲವು ಗಿರಾಕಿಗಳಿಗೆ ಮೂಲವೂ ಹೋಯಿತು, ನಕಲೂ ಹೋಯಿತು.

ಆದುದರಿಂದಲೇ ತಿಳಿದವರು 3-2-1 ಎಂಬ ನಿಯಮವನ್ನು ಹೇಳುತ್ತಾರೆ. ಇದನ್ನು ಪ್ರಚಾರಕ್ಕೆ ತಂದವರು ಕಂಪ್ಯೂಟರ್ ಪಂಡಿತರಲ್ಲ, ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು. ಒಟ್ಟು ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಲಿ. ನಿಜ ಯಂತ್ರವಾಗಲಿ ವರ್ಚುವಲ್ ಯಂತ್ರವಾಗಲಿ, ಈ ನಿಯಮಕ್ಕೆ ಭೇದವಿಲ್ಲ. ಆ ದೂರದ ಪ್ರತಿ ಯಾವ ಯಂತ್ರಕ್ಕೂ ಸದಾ ಅಂಟಿಕೊಂಡಿರದಿದ್ದರೆ ಬೀಗಹಾಕುವ ಕಳ್ಳರಿಂದಲೂ ಅದು ಪಾರು.

ಇಷ್ಟೆಲ್ಲ ಇದ್ದರೂ, ಮರಳಿ ತೆಗೆದು ನೋಡದ ನಕಲನ್ನು ನಕಲೆಂದು ಎಣಿಸಬಾರದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರೊಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಆ ಸಂಸ್ಥೆಯಲ್ಲಿ ಬ್ಯಾಕಪ್ಪಿಗೆ ಹಲವು ಏರ್ಪಾಟುಗಳಿದ್ದವು. ನೋಡಿದರೆ, ಪ್ರತಿದಿನದ ನಕಲು ತೆಗೆಯುತ್ತಿದ್ದ ಪ್ರೋಗ್ರಾಮಿನ ಆವೃತ್ತಿ ಹೊಂದದೆ ನಕಲೇ ಆಗುತ್ತಿರಲಿಲ್ಲ. ಆಗಲಿಲ್ಲವೆಂದು ತಿಳಿಸುವ ಪತ್ರಗಳೂ ಯಾರಿಗೂ ತಲುಪುತ್ತಿರಲಿಲ್ಲ. ಪರೀಕ್ಷೆಗೆಂದು ಆರು ಗಂಟೆ ಮೊದಲು ಬೇರೆ ಯಂತ್ರಕ್ಕೆ ತೆಗೆದುಕೊಂಡ ಒಂದು ಪ್ರತಿ ಅದೃಷ್ಟವಶಾತ್ ಇದ್ದುದರಿಂದ ಉಳಿದರು. ಆ ಸಂಸ್ಥೆಯವರು ತಮ್ಮ ತಪ್ಪನ್ನು ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿದರು. ಓದಿದಾಗ ನನಗೆ ನನ್ನ ರಿಜಿಸ್ಟರಿನ ರುಜುಗಳು ನೆನಪಾದವು. ಅಷ್ಟು ದೊಡ್ಡವರ ಸ್ಥಿತಿಯೂ ನನ್ನ ಹಸಿರು ದೀಪದ ಸ್ಥಿತಿಯೇ!

ಇನ್ನು ನಮ್ಮ ವಾಚನಾಲಯದ ವಿಚಾರಕ್ಕೆ ಬಂದು ಮುಗಿಸುತ್ತೇನೆ.

ನಮ್ಮ ಕಂಪ್ಯೂಟರ್ ಹಳೆಯದು, ದಾನವಾಗಿ ಬಂದದ್ದು. ಪುಸ್ತಕಪಟ್ಟಿ, ಸದಸ್ಯರ ಪಟ್ಟಿ, ಸ್ಕ್ಯಾನ್ ಮಾಡಿದ ಹಳೆಯ ಸಂಚಿಕೆಗಳು, ಎಲ್ಲವೂ ಆ ಒಂದರಲ್ಲಿವೆ. ಸಂಚಿಕೆಗಳ ಮೂಲಪ್ರತಿಗಳಲ್ಲಿ ಬಹುಪಾಲು ಗೆದ್ದಲಿನ ಪಾಲಾದದ್ದು ತಮಗೆ ಗೊತ್ತೇ ಇದೆ. ನಮ್ಮ ಹಿರಿಯರು ಈ ಊರಿಗೆ ಬಂದು, ಹಗಲೆಲ್ಲ ದುಡಿದು, ರಾತ್ರಿ ಕುಳಿತು ಕನ್ನಡದಲ್ಲಿ ಬರೆದ ಬರಹಗಳು ಜಗತ್ತಿನಲ್ಲಿ ಉಳಿದಿರುವುದು ಇನ್ನು ಆ ಡಿಸ್ಕಿನಲ್ಲಿ ಮಾತ್ರ. ಅದರ ನಕಲು ಒಂದು ಪೆನ್ ಡ್ರೈವಿನಲ್ಲಿದೆ. ಆ ಪೆನ್ ಡ್ರೈವು ಅದೇ ಮೇಜಿನ ಖಾನೆಯಲ್ಲಿದೆ. ಅದನ್ನು ಅಲ್ಲಿಟ್ಟವನೂ ನಾನೇ, ಆದುದರಿಂದ ಯಾರನ್ನೂ ದೂರುತ್ತಿಲ್ಲ.

ಸಮಿತಿಯ ಮುಂದೆ ನನ್ನ ಸಲಹೆ ಇಷ್ಟು. ಸದಸ್ಯರೊಬ್ಬರು ಕೊಡಲೊಪ್ಪಿರುವ ಹೊಸ ಕಂಪ್ಯೂಟರ್ ಬಂದೊಡನೆ, ಹಳೆಯದನ್ನು ಇದ್ದ ಹಾಗೆಯೇ ಅದರೊಳಗೆ ವರ್ಚುವಲ್ ಯಂತ್ರವಾಗಿ ಇಳಿಸೋಣ. ಹಾಗೆ ಮಾಡಿದರೆ ನಮ್ಮ ಹಳೆಯ ಪಟ್ಟಿಯ ಪ್ರೋಗ್ರಾಮು ಹಳೆಯ ಕಂಪ್ಯೂಟರಿನ ಜೊತೆ ಸಾಯುವುದಿಲ್ಲ. ವಾರಕ್ಕೊಮ್ಮೆ ಅದನ್ನು ಸರಿಯಾಗಿ ಮುಚ್ಚಿ, ಇಡೀ ಯಂತ್ರದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡೋಣ. ನಮ್ಮದು ಹಗಲು ರಾತ್ರಿ ನಡೆಯುವ ಮಿಲ್ಲಲ್ಲ, ಮುಚ್ಚಿ ತೆಗೆಯುವುದೇ ನಮಗೆ ಎಲ್ಲಕ್ಕಿಂತ ಭದ್ರ. ಅಂಥ ಡಿಸ್ಕ್ ಎರಡಿರಲಿ. ಒಂದು ಇಲ್ಲಿದ್ದಾಗ ಇನ್ನೊಂದು ಸದಸ್ಯರೊಬ್ಬರ ಮನೆಯಲ್ಲಿರಲಿ, ತಿಂಗಳಿಗೊಮ್ಮೆ ಅದಲುಬದಲಾಗಲಿ. ಸ್ಕ್ಯಾನ್ ಮಾಡಿದ ಸಂಚಿಕೆಗಳನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವಂತೆ ಬಿಡಿ ಕಡತಗಳಾಗಿಯೂ ಬೇರೆ ಇಡೋಣ. ಏಕೆಂದರೆ ಹೈಪರ್‌ವೈಸರುಗಳೂ ಒಂದು ದಿನ ಹಳೆಯವಾಗುತ್ತವೆ.

ಕೊನೆಯದಾಗಿ, ತಿಂಗಳ ಮೊದಲ ಭಾನುವಾರ ಒಬ್ಬ ಸ್ವಯಂಸೇವಕ ಆ ಡಿಸ್ಕಿನಿಂದ ಯಂತ್ರವನ್ನು ಎಬ್ಬಿಸಿ, ಯಾವುದಾದರೂ ಒಂದು ಹಳೆಯ ಸಂಚಿಕೆಯನ್ನು ತೆರೆದು ಒಂದು ಪುಟ ಓದಬೇಕು. ಓದಿದ ಪುಟದ ಶೀರ್ಷಿಕೆಯನ್ನು ರಿಜಿಸ್ಟರಿನಲ್ಲಿ ಬರೆದು ರುಜು ಹಾಕಬೇಕು. "ಆಗಿದೆ" ಎಂಬ ರುಜು ಬೇಡ, "ಓದಿದೆ" ಎಂಬ ರುಜು ಇರಲಿ. ಇದಕ್ಕೆ ಎಂಜಿನಿಯರು ಬೇಕಿಲ್ಲ, ಒಂದು ಗಂಟೆಯ ಪುರಸೊತ್ತು ಮತ್ತು ಕನ್ನಡ ಓದುವ ಕಣ್ಣು ಸಾಕು. ಮೊದಲ ಮೂರು ತಿಂಗಳು ನಾನು ಮಾಡುತ್ತೇನೆ. ಆಮೇಲೆ ಇಬ್ಬರು ಮುಂದೆ ಬಂದರೆ ಉಪಕಾರವಾಗುತ್ತದೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿಗೆ ಬರಬಹುದು.

ಆ ಕೊಳ್ಳೇಗಾಲದ ಹಿರಿಯರು ಊರಿಗೆ ಹೊರಡುವ ದಿನ ನನ್ನ ಮೇಜಿನ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟು ಹೋದರು. ಮಾತೇನೂ ಆಡಲಿಲ್ಲ. ಅವರು ದುಡಿದ ದಿನಗಳನ್ನು ಕಾಯುವುದು ನನ್ನ ಕೆಲಸವಾಗಿತ್ತು. ನಮ್ಮ ಹಿರಿಯರು ಬರೆದ ಪುಟಗಳನ್ನು ಕಾಯುವುದು ನಮ್ಮೆಲ್ಲರ ಕೆಲಸ.